ಭಾನುವಾರದ ರಜಾ ಬಗ್ಗೆ ಮಗಳಿಗೊಂದು ಪತ್ರ

ಪುಟ್ಟೀ,

ಮೊನ್ನೆ ಫೋನಲ್ಲಿ, ನಿಮ್ಮ ಫ್ಲ್ಯಾಟಿಗೆ ಕೆಲಸಕ್ಕೆ ಬರೋ ಅಕ್ಕ ಇನ್ಮೇಲೆ ಭಾನುವಾರ ಬರಲ್ಲ ಅಂತಿದಾರೆ, ನಾವು ಮನೇಲಿರೋದೇ ಭಾನುವಾರ, ಬೇರೆಯವ್ರನ್ನ ನೋಡ್ತೀವಿ ಅಂದ್ಯಲ್ಲ. ಆಗ್ಲೇ ಬೈಯೋಣ ಅಂದ್ರೆ ನಿಮ್ಮಪ್ಪ ನಿನ್ ಕಡೆ ವಾದ ಮಾಡೋಕೆ ರೆಡಿ ಆಗಿದ್ರು, ಅದಕ್ಕೆ ಬರೀತಿದೀನಿ. ಉದ್ದ ಆಯ್ತು ಅಂತ ಅರ್ಧಕ್ಕೆ ಬಿಡಬೇಡ.

ಬ್ಯಾಂಕಲ್ಲಿ ನಮಗೆ ಎರಡನೇ, ನಾಲ್ಕನೇ ಶನಿವಾರ ರಜಾ ಸಿಕ್ಕಿದ್ದು 2015ರಲ್ಲಿ, ಅದೂ ಯೂನಿಯನ್ನವ್ರು ವರ್ಷಗಟ್ಟಲೆ ಕೇಳಿ ಕೇಳಿ, ಸ್ಟ್ರೈಕ್ ಮಾಡಿ. ನಾವಾದ್ರೆ ಎಲ್ಲಾ ಒಂದೇ ಆಫೀಸಲ್ಲಿ ಇರೋರು, ಗೇಟ್ ಹತ್ರ ನಿಂತು ಘೋಷಣೆ ಕೂಗಿದ್ರೆ ಆಯ್ತು. ಮನೆಕೆಲಸದವ್ರು ಎಲ್ಲಿ ಸೇರ್ಬೇಕು ಹೇಳು? ಒಬ್ಬೊಬ್ರಿಗೆ ನಾಲ್ಕೈದು ಮನೆ, ಮನೆಗೊಂದು ರೂಲು, ಬಾಗಿಲು ಹಾಕ್ಕೊಂಡ್ಮೇಲೆ ಒಳಗೆ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ಲ.

ಅಂಥವ್ರೇ ಸೇರಿದ್ರು ಕಣೇ, ಅದೂ ಬೇರೆ ಬೇರೆ ದೇಶದವ್ರು. 2006ರಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ಸಭೆ ಮಾಡಿದ್ರು, ಆಮೇಲೆ ಒಂದು ನೆಟ್‌ವರ್ಕ್ ಕಟ್ಟಿ 2010, 2011ರಲ್ಲಿ ಜಿನೀವಾಗೆ, ಐಎಲ್ಒ ಅಂದ್ರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮ್ಮೇಳನಕ್ಕೇ ಹೋದ್ರು. ಅಲ್ಲಿ ಪ್ರತಿ ದೇಶದಿಂದ ಸರ್ಕಾರದ ಕಡೆಯವ್ರು ಇಬ್ರು, ಮಾಲೀಕರ ಕಡೆಯವ್ರು ಒಬ್ರು, ಕಾರ್ಮಿಕರ ಕಡೆಯವ್ರು ಒಬ್ರು ವೋಟ್ ಹಾಕೋದು, ಹಾಗಾಗಿ ದೊಡ್ಡ ಯೂನಿಯನ್‌ಗಳ ಬೆಂಬಲ ಇಲ್ದೆ ಇವ್ರ ಮಾತು ನಡೆಯೋ ಹಾಗಿರಲಿಲ್ಲ. ಆಗ ಇವರ ಮುಂದಾಳು ದಕ್ಷಿಣ ಆಫ್ರಿಕಾದ ಮಿರ್ಟಲ್ ವಿಟ್‌ಬೂಯಿ, ವರ್ಣಭೇದದ ಕಾಲದಲ್ಲಿ ಬಿಳಿಯರ ಮನೇಲಿ ಕೆಲಸ ಮಾಡಿದ ಹೆಂಗಸು. ನಮ್ಮ ಬಗ್ಗೆ ನಾವೇ ಮಾತಾಡ್ತೀವಿ ಅಂತ ಬಂದಿದ್ದು ನಂಗೆ ಬಹಳ ಇಷ್ಟ ಆಯ್ತು, ಯಾಕಂದ್ರೆ ನಮ್ಮ ಯೂನಿಯನ್‌ನಲ್ಲೂ ಹೆಂಗಸರು ಜಾಸ್ತಿ ಇದ್ರೂ ಮೈಕು ಹಿಡೀತಿದ್ದಿದ್ದು ಗಂಡಸರೇ, ಅದಿರ್ಲಿ.

2011 ಜೂನ್ 16ಕ್ಕೆ ವೋಟಾಯ್ತು, ಪರವಾಗಿ 396, ವಿರೋಧ ಬರೀ 16. ಅದೇ 189ನೇ ಕನ್ವೆನ್ಷನ್, ಮನೆಕೆಲಸದವ್ರ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ಒಪ್ಪಂದ. ವಾರಕ್ಕೆ ಕಮ್ಮಿ ಅಂದ್ರೂ ಸತತ 24 ಗಂಟೆ ರಜಾ, ಮನೇಲೇ ಉಳ್ಕೊಂಡು ಕೆಲಸ ಮಾಡೋರಾದ್ರೆ ರಜಾ ದಿನ ಮನೇಲೇ ಇರಬೇಕು ಅಂತ ಕಟ್ಟಿಹಾಕೋ ಹಾಗಿಲ್ಲ, ಪಾಸ್‌ಪೋರ್ಟು ಕಿತ್ಕೊಳ್ಳೋ ಹಾಗಿಲ್ಲ. ಈ ಕೊನೇದು ಗಲ್ಫಿಗೆ ಹೋದವ್ರ ಕಥೆ ಕೇಳಿದವ್ರಿಗೆ ಚೆನ್ನಾಗಿ ಅರ್ಥ ಆಗುತ್ತೆ. ವೋಟ್ ಆದ್ಮೇಲೆ ಒಂದೊಂದು ದೇಶನೂ ಇದಕ್ಕೆ ಬದ್ಧ ಆಗ್ತೀವಿ ಅಂತ ಅನುಮೋದನೆ ಮಾಡಬೇಕು, ಮೊದಲು ಮಾಡಿದ್ದು ಉರುಗ್ವೆ, 2012ರಲ್ಲಿ. ಮಾರನೇ ವರ್ಷ ಅಲ್ಲೇ, ಮಾಂಟೆವಿಡಿಯೋದಲ್ಲಿ, ಇವರೆಲ್ಲ ಸೇರಿ ತಮ್ದೇ ಅಂತರರಾಷ್ಟ್ರೀಯ ಒಕ್ಕೂಟ ಮಾಡ್ಕೊಂಡ್ರು.

ನಮ್ಮ ದೇಶ ಜಿನೀವಾದಲ್ಲಿ ಪರವಾಗೇ ವೋಟ್ ಹಾಕ್ತು, ಅನುಮೋದನೆ ಮಾತ್ರ ಮಾಡಿಲ್ಲ. ಹೋಗ್ಲಿ ಅಂದ್ರೆ ಕರ್ನಾಟಕ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ಕೂಲಿ ಅಂತ ನೋಟಿಫಿಕೇಷನ್ ಮಾಡಿತ್ತು, ದೇಶದಲ್ಲೇ ಮೊದಲು. ನಿಮ್ಮ ಅಪಾರ್ಟ್‌ಮೆಂಟಲ್ಲಿ ಎಷ್ಟು ಜನಕ್ಕೆ ಗೊತ್ತು ಕೇಳು ನೋಡೋಣ. ಗೇಟ್ ಆ್ಯಪಲ್ಲಿ ಕೆಲಸದವ್ರಿಗೆ ಸ್ಟಾರ್ ಕೊಡೋದು ಮಾತ್ರ ಎಲ್ರಿಗೂ ಗೊತ್ತು!

ನೋಡು, ಬೇರೆಯವ್ರನ್ನ ಹುಡುಕೋದು ಗಿಡುಕೋದು ಬೇಡ. ಭಾನುವಾರದ ಪಾತ್ರೆ ನೀವು ಮೂರು ಜನ ಹಂಚ್ಕೊಂಡು ತೊಳ್ಕೊಳ್ಳಿ, ಸಂಬಳ ಒಂದ್ ರೂಪಾಯಿ ಕಟ್ ಮಾಡಬೇಡಿ. ಬೆಂಗಳೂರಲ್ಲಿ ಮನೆಕೆಲಸದವ್ರ ಯೂನಿಯನ್ ಇದೆ, ಆ ಅಕ್ಕ ಅದರಲ್ಲಿ ಇದ್ರೆ ಮೂತಿ ಸಿಂಡರಿಸಬೇಡ, ನಿಮ್ಮಮ್ಮನೂ ಚಂದಾ ಕಟ್ಟಿದವಳೇ. ದೀಪಾವಳಿಗೆ ಬೋನಸ್ ಎಷ್ಟು ಕೊಡ್ತೀರ ಅಂತ ಮಾತಾಡ್ಕೊಂಡು ನಂಗೆ ಹೇಳಿ, ಒಂದು ತಿಂಗಳ ಸಂಬಳಕ್ಕಿಂತ ಕಮ್ಮಿ ಇದ್ರೆ ನಾನೇ ಬಂದು ಜಗಳ ಆಡ್ತೀನಿ.

ಅಮ್ಮ