ಅಂಗಡಿಗೆ ಬರುವ ಮಕ್ಕಳನ್ನು ಬರಿಗೈಲಿ ಕಳಿಸಬೇಡ

ಕಲಬುರಗಿ

ಚಿರಂಜೀವಿ ಮಗನಿಗೆ ದೊಡ್ಡವ್ವನ ಆಶೀರ್ವಾದಗಳು.

ನೀನು ಫೋನಿನಲ್ಲಿ ಕೇಳಿದ ಮಾತಿಗೆ ಅವಸರದಲ್ಲಿ ಉತ್ತರ ಕೊಡಬಾರದು ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿನ ಹುಡುಗ ನಿನ್ನ ಅಂಗಡಿಗೆ ಬಂದ. ಗಿರಾಕಿಗಳೆಲ್ಲ ಹೋಗುವ ತನಕ ಹೊರಗೇ ನಿಂತಿದ್ದ. ಆಮೇಲೆ, "ಅಣ್ಣಾ, ಇನ್‌ಸ್ಟಾಗ್ರಾಮಿನಿಂದ ನನ್ನ ಒಂದು ಫೋಟೋ ಅಳಿಸಿಕೊಡು" ಎಂದು ಅತ್ತ. ಯಾರೋ ಹುಡುಗಿಯ ಹೆಸರಿನಲ್ಲಿ ಮಾತಾಡಿಸಿ, ಬಟ್ಟೆಯಿಲ್ಲದ ಫೋಟೋ ತರಿಸಿಕೊಂಡಿದ್ದಾರೆ. ಈಗ ದುಡ್ಡು ಕೊಡು, ಇಲ್ಲದಿದ್ದರೆ ನಿನ್ನ ಗೆಳೆಯರಿಗೆಲ್ಲ ಕಳಿಸುತ್ತೇವೆ ಎನ್ನುತ್ತಿದ್ದಾರೆ. "ನಾನು ಮೊಬೈಲ್ ರಿಪೇರಿ ಮಾಡುವವ, ಇದರಲ್ಲಿ ಕೈ ಹಾಕಬೇಕಾ ದೊಡ್ಡವ್ವಾ?" ಎಂದು ಕೇಳಿದೆ.

ಹಾಕಬೇಕು. ಆ ಹುಡುಗನ ಹೆಸರು ನನಗೂ ಹೇಳಲಿಲ್ಲ ನೀನು, ಅದು ಒಳ್ಳೆಯದಾಯಿತು. ಬೇರೆ ಯಾರಿಗೂ ಹೇಳಬೇಡ. ಆದರೆ ಅವನನ್ನು ಹಾಗೇ ಮನೆಗೆ ಕಳಿಸಿ ಸುಮ್ಮನಾಗಬೇಡ.

ಅವನು ಅಪ್ಪನ ಹತ್ತಿರ ಹೋಗಲಿಲ್ಲ, ಮೇಷ್ಟ್ರ ಹತ್ತಿರ ಹೋಗಲಿಲ್ಲ, ನಿನ್ನ ಹತ್ತಿರ ಬಂದ. ಯಾಕೆ ಅಂತ ಯೋಚನೆ ಮಾಡು. ನೀನು ಬೈಯುವುದಿಲ್ಲ ಎಂಬ ನಂಬಿಕೆ. ಬೆದರಿಸುವವನಿಗೂ ಇದು ಚೆನ್ನಾಗಿ ಗೊತ್ತು. ಎಲ್ಲೋ ದೂರದಲ್ಲಿ ಕೂತವನಿಗೆ ಈ ಹುಡುಗನನ್ನು ಹೊಡೆಯಲು ಆಗುವುದಿಲ್ಲ, ಊರಿಂದ ಓಡಿಸಲು ಆಗುವುದಿಲ್ಲ. ಅದೆಲ್ಲ ನಾವು ಮಾಡುತ್ತೇವೆ ಎಂಬ ಧೈರ್ಯದ ಮೇಲೆ ಅವನ ದಂಧೆ ನಡೆಯುತ್ತದೆ. ನಾನು ಇಷ್ಟು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ಹುಡುಗಿಯ ಫೋಟೋ ಒಂದು ಹೊರಗೆ ಬಂತು ಅಂದರೆ ನಮ್ಮ ಕಡೆ ಮೊದಲು ಆಗುವುದು ಏನು? ಶಾಲೆ ಬಿಡಿಸುತ್ತಾರೆ. ಆಮೇಲೆ ಗಂಡು ಹುಡುಕುತ್ತಾರೆ. ಹುಡುಗನಾದರೆ ಒದೆ ಬೀಳುತ್ತದೆ, ಇಲ್ಲವೇ ಓಣಿಯ ತುಂಬ ನಗೆಪಾಟಲು. ತಪ್ಪು ಮಾಡಿದವನನ್ನು ಯಾರೂ ಹುಡುಕುವುದಿಲ್ಲ. ಇದನ್ನೆಲ್ಲ ಬಲ್ಲ ಮಗು ಬಾಯಿ ಬಿಡುತ್ತದೆಯೇ?

ಆದ್ದರಿಂದ ಆ ಹುಡುಗನಿಗೆ ನೀನು ಹೇಳಬೇಕಾದ ಮೊದಲ ಮಾತು, "ನೀನು ತಪ್ಪು ಮಾಡಿಲ್ಲ, ನಿನಗೆ ಮೋಸ ಆಗಿದೆ." ಎರಡನೆಯದು, ದುಡ್ಡು ಕೊಡಬೇಡ. ಒಮ್ಮೆ ಕೊಟ್ಟವನ ಹತ್ತಿರ ಮತ್ತೆ ಮತ್ತೆ ಕೇಳುತ್ತಾರೆ. ಈಗಾಗಲೇ ಕೊಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸು. ಬೇಗ ತಿಳಿಸಿದಷ್ಟೂ ಆ ಹಣ ತಡೆಯಲು ದಾರಿ ಇರುತ್ತದೆ. ಅವರ ಮೆಸೇಜಿಗೆ ಉತ್ತರ ಕೊಡುವುದು ನಿಲ್ಲಲಿ. ಆದರೆ ಗಾಬರಿಯಲ್ಲಿ ಚಾಟ್ ಅಳಿಸಿಬಿಡಬಾರದು. ಆ ಅಕೌಂಟಿನ ಹೆಸರು, ಬೆದರಿಕೆಯ ಮಾತು, ದುಡ್ಡು ಕಳಿಸು ಎಂದ ಯುಪಿಐ ಐಡಿ, ಇವುಗಳ ಸ್ಕ್ರೀನ್‌ಶಾಟ್ ಅವನ ಫೋನಿನಲ್ಲೇ ಇರಲಿ. ಅದಾದ ಮೇಲೆ ಬ್ಲಾಕ್ ಮಾಡಲಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಮನಸ್ಸಿನಲ್ಲಿ ಇಟ್ಟುಕೋ. ಆ ಫೋಟೋ ನಿನ್ನ ಫೋನಿಗೆ, ನಿನ್ನ ಕಂಪ್ಯೂಟರಿಗೆ ಬರಲೇಬಾರದು. ಸಾಕ್ಷಿಗೆ ಇರಲಿ ಎಂದೂ ಬೇಡ, ಪೊಲೀಸರಿಗೆ ವಾಟ್ಸಾಪಿನಲ್ಲಿ ಕಳಿಸಲಿಕ್ಕೂ ಬೇಡ. ಹುಡುಗನ ಫೋನನ್ನೇ ಅವರಿಗೆ ತೋರಿಸಬೇಕು. ಮಕ್ಕಳ ಇಂಥ ಚಿತ್ರವನ್ನು ಅಳಿಸದೆ, ದೂರನ್ನೂ ಕೊಡದೆ ಇಟ್ಟುಕೊಂಡರೆ ಅದೂ ಅಪರಾಧವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಹೇಳಿದೆ. ಹಂಚಿದವನಿಗೆ ಐಟಿ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 5 ವರ್ಷದ ತನಕ ಜೈಲು, 10 ಲಕ್ಷದ ತನಕ ದಂಡ ಬೀಳಬಹುದು. ರಿಪೇರಿಗೆ ಬಂದ ಬೇರೆಯವರ ಫೋನಿನಲ್ಲಿ ಇಂಥದ್ದು ಕಣ್ಣಿಗೆ ಬಿದ್ದರೂ ನನಗ್ಯಾಕೆ ಬೇಕು ಎಂದು ವಾಪಸ್ ಕೊಟ್ಟು ಕಳಿಸುವ ಹಾಗಿಲ್ಲ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಹುಡುಗಿಯರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. 18 ತುಂಬದ ಹುಡುಗರಿಗೂ ಅದೇ ಕಾಯ್ದೆ. ಅದರ 19ನೇ ಸೆಕ್ಷನ್ ಓದು. ಮಗುವಿನ ಮೇಲೆ ಇಂಥ ಅಪರಾಧ ಆಗಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಇದ್ದರೆ 6 ತಿಂಗಳ ತನಕ ಸಜೆ ಆಗಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವನ ಮೇಲೆ ಕೇಸು ಹಾಕುವಂತಿಲ್ಲ ಎಂದೂ ಅದರಲ್ಲೇ ಇದೆ. ಹಾಗಾಗಿ "ಯಾರಿಗೂ ಹೇಳಲ್ಲ" ಎಂದು ಆ ಹುಡುಗನಿಗೆ ಮಾತು ಕೊಡಬೇಡ. ಕೊಟ್ಟು ಮುರಿದರೆ ಅವನು ಇನ್ನು ಮುಂದೆ ಯಾರನ್ನೂ ನಂಬುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳು. ಪೊಲೀಸರಿಗೆ ತಿಳಿಸಬೇಕಾಗುತ್ತದೆ, ನಾನು ನಿನ್ನ ಜೊತೆ ಬರುತ್ತೇನೆ, ಮನೆಯಲ್ಲಿ ಯಾರಿಗೆ ಮೊದಲು ಹೇಳೋಣ, ನೀನೇ ಹೇಳು, ಅನ್ನು. ಅಪ್ಪ ಸಿಟ್ಟಿನವನಾದರೆ ಅಜ್ಜಿ ಇರಬಹುದು, ಅಕ್ಕ ಇರಬಹುದು, ಸೋದರಮಾವ ಇರಬಹುದು. ಒಬ್ಬರು ಬೆನ್ನಿಗೆ ನಿಂತರೆ ಸಾಕು, ಉಳಿದದ್ದು ಸಲೀಸಾಗುತ್ತದೆ.

ಠಾಣೆ ಅಂದರೆ ಆ ಹುಡುಗ ಹೆದರುತ್ತಾನೆ. ಅವನು ಠಾಣೆಗೇ ಬರಬೇಕು ಎಂದೇನೂ ಇಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದಕ್ಕೆ ಸರಿಯೆನಿಸಿದ ಜಾಗದಲ್ಲಿ ತೆಗೆದುಕೊಳ್ಳಬೇಕು. ಬರುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಕೂರಿಸುವಂತಿಲ್ಲ. ಇಷ್ಟು ಗೊತ್ತಿದ್ದರೆ ನೀನೂ ಅಲ್ಲಿ ಧೈರ್ಯವಾಗಿ ಮಾತಾಡಬಹುದು. ನಿಮ್ಮ ಜಿಲ್ಲಾ ಕೇಂದ್ರ ಯಾದಗಿರಿಯಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಯೇ ಇದೆ. ಎಲ್ಲಿಂದ ಶುರು ಮಾಡುವುದು ಎಂದು ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡು ಹತ್ತುವುದಿಲ್ಲ, ಹುಡುಗನೇ ಮಾಡಿದರೂ ಮಾತಾಡುತ್ತಾರೆ.

ಫೋಟೋ ಅಳಿಸುವುದು ಹೇಗೆ ಎಂದು ಕೇಳಿದ್ದೆಯಲ್ಲ. ಮೊದಲು ಇನ್‌ಸ್ಟಾಗ್ರಾಮಿನಲ್ಲೇ ಆ ಅಕೌಂಟನ್ನು ರಿಪೋರ್ಟ್ ಮಾಡಿಸು. 'ಟೇಕ್ ಇಟ್ ಡೌನ್' ಎಂಬ ಸೇವೆಯೂ ಇದೆ. ಕಾಣೆಯಾದ, ಶೋಷಣೆಗೆ ಸಿಕ್ಕ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಸಂಸ್ಥೆಯೊಂದು 2023ರಲ್ಲಿ ಶುರು ಮಾಡಿದ್ದು. 18ರ ಒಳಗೆ ತೆಗೆದ ಫೋಟೋಗಳಿಗೆ. ಫೋಟೋ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರಿಂದ ಒಂದು ಸಂಕೇತ ಸಂಖ್ಯೆ ತಯಾರಾಗುತ್ತದೆ, ಅದಷ್ಟೇ ಹೋಗುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ಕಿನಂಥ ಕಂಪನಿಗಳು ಆ ಸಂಖ್ಯೆಗೆ ಹೊಂದುವ ಚಿತ್ರ ತಮ್ಮಲ್ಲಿ ಬಂದರೆ ತಡೆಯುತ್ತವೆ. ಹೆಸರು ಕೊಡಬೇಕಾಗಿಲ್ಲ. ಎಲ್ಲ ಕಡೆಯಿಂದಲೂ ಅಳಿಸಿಹೋಗುತ್ತದೆ ಎಂದು ಮಾತ್ರ ಹುಡುಗನಿಗೆ ಹೇಳಬೇಡ. ಆ ಸೇವೆಗೆ ಸೇರಿದ ಕಂಪನಿಗಳಲ್ಲಿ ಮಾತ್ರ ಅದು ನಡೆಯುತ್ತದೆ.

ಇನ್ನು ನಿನ್ನ ಕೆಲಸದ ವಿಷಯ. ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ದುಡಿಯಲು ಹೋದವರ ಮಕ್ಕಳು ನಮ್ಮ ಕಡೆ ಎಷ್ಟು ಜನ ಅಜ್ಜ ಅಜ್ಜಿಯ ಹತ್ತಿರ ಇದ್ದಾರೆ, ನಿನಗೇ ಗೊತ್ತು. ಅವ್ವನ ಮುಖ ನೋಡಬೇಕೆಂದರೆ ಆ ಮಗುವಿಗೆ ವಿಡಿಯೋ ಕಾಲೇ ಗತಿ. "ಮಕ್ಕಳ ಕೈಯಿಂದ ಮೊಬೈಲ್ ಕಸಿದುಕೊಳ್ಳಿ" ಎಂದು ಭಾಷಣ ಮಾಡುವವರು ಇದನ್ನು ಯೋಚಿಸುವುದಿಲ್ಲ. ಕಸಿದುಕೊಳ್ಳುತ್ತಾರೆ ಎಂಬ ಭಯಕ್ಕೇ ಮಕ್ಕಳು ಮುಚ್ಚಿಡುವುದು. ಆ ಫೋನು ಸುರಕ್ಷಿತವಾಗಿರಬೇಕು, ಅದು ಆಗುವುದು ನಿನ್ನ ಕೌಂಟರಿನ ಮೇಲೆ.

ಹೊಸ ಫೋನ್ ಕೊಂಡವರಿಗೆ ನೀವೇ ಜಿಮೇಲ್ ಮಾಡಿಕೊಡುತ್ತೀರಿ, ಅಲ್ವಾ? ಹುಟ್ಟಿದ ತಾರೀಖು ಕೈಗೆ ಬಂದದ್ದನ್ನು ಒತ್ತುತ್ತೀರಿ. ಹನ್ನೆರಡು ವರ್ಷದ ಮಗು ಆ ಕ್ಷಣದಲ್ಲಿ ಇಪ್ಪತ್ತೈದರದ್ದಾಗಿಬಿಡುತ್ತದೆ. ಮಕ್ಕಳಿಗೆಂದು ಕಂಪನಿಗಳು ಇಟ್ಟಿರುವ ಕಾವಲು ಅಲ್ಲಿಗೇ ಮುಗಿಯಿತು. ಇನ್‌ಸ್ಟಾಗ್ರಾಮ್ 2025ರಿಂದ ನಮ್ಮ ದೇಶದಲ್ಲೂ ಹದಿಹರೆಯದವರಿಗೆ ಬೇರೆ ಬಗೆಯ ಅಕೌಂಟ್ ಕೊಡುತ್ತಿದೆ. ಅದು ತಾನಾಗೇ ಪ್ರೈವೇಟ್ ಇರುತ್ತದೆ, ಗುರುತಿಲ್ಲದವರು ಮೆಸೇಜ್ ಕಳಿಸಲು ಆಗುವುದಿಲ್ಲ. ವಯಸ್ಸು ಸುಳ್ಳಾದರೆ ಅದೂ ಇಲ್ಲ. ಯಾರ ಕೈಗೆ ಹೋಗುವ ಫೋನು ಎಂದು ಕೇಳು, ನಿಜವಾದ ತಾರೀಖು ಹಾಕು. ಮಗುವಿನ ಫೋನಿನ ಮೇಲೆ ದೊಡ್ಡವರು ಕಣ್ಣಿಡಲು ಗೂಗಲ್ಲಿನ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್ ಪುಕ್ಕಟೆ ಸಿಗುತ್ತದೆ, ತಾಯಿಯ ಫೋನಿಗೆ ಜೋಡಿಸಿಕೊಡು. ಗಿರಾಕಿಗಳ ಪಾಸ್‌ವರ್ಡನ್ನು ನಿನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ರೂಢಿ ಇದ್ದರೆ ಇವತ್ತೇ ಬಿಡು. ಮೆಮೊರಿ ಕಾರ್ಡಿಗೆ "ಆ ವಿಡಿಯೋ" ಹಾಕಿಕೊಡು ಎಂದು ಬರುವವರನ್ನು ಎಷ್ಟೇ ಹಳೆಯ ಗಿರಾಕಿಯಾದರೂ ಮೆಟ್ಟಿಲು ಇಳಿಸು. ಅದರಲ್ಲಿ ಯಾವ ಮನೆಯ ಮಗು ಇದೆಯೋ ಯಾರಿಗೆ ಗೊತ್ತು?

ಇಷ್ಟನ್ನು ನೀನೊಬ್ಬನೇ ಮಾಡಿದರೆ ಸಾಲದು. ನಿಮ್ಮ ಶಹಾಪುರದಲ್ಲಿ ಬಸ್‌ಸ್ಟ್ಯಾಂಡಿನ ಸುತ್ತ ಇರುವ ಮೊಬೈಲ್ ಅಂಗಡಿಯವರನ್ನೆಲ್ಲ ಒಂದು ಸಂಜೆ ಕೂಡಿಸು. ಎಲ್ಲರೂ 1098, 1930 ಎಂಬ ಎರಡು ನಂಬರನ್ನು ದೊಡ್ಡದಾಗಿ ಬರೆದು ಗೋಡೆಗೆ ಹಚ್ಚಲಿ. ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದಿದೆ. ಅಲ್ಲಿ ರಸ್ತೆ, ಶೌಚಾಲಯದ ಮಾತು ಬರುತ್ತದೆ, ಈ ಮಾತು ಬರುವುದಿಲ್ಲ. ನಮ್ಮೂರ ಪಂಚಾಯಿತಿಯಲ್ಲಿ ಈ ಸಲ ಬರುವ ಹಾಗೆ ನೋಡಿಕೋ. ಮಕ್ಕಳ ಎದುರಿಗೆ ದೊಡ್ಡವರಿಂದಲೇ ಹೇಳಿಸು: ಇಂಥ ದೂರು ಹೇಳಿದ ಯಾವ ಮಗುವಿನ ಶಾಲೆಯನ್ನೂ ಬಿಡಿಸುವುದಿಲ್ಲ, ಯಾವ ಮಗುವಿಗೂ ಹೊಡೆಯುವುದಿಲ್ಲ ಎಂದು. ಶಾಲೆಯವರಿಗೂ ಒಂದು ಮಾತು ಹೇಳು. ವಾರ್ಷಿಕೋತ್ಸವದ ಫೋಟೋಗಳನ್ನು ಮಕ್ಕಳ ಹೆಸರು, ಕ್ಲಾಸಿನ ಸಮೇತ ಫೇಸ್‌ಬುಕ್ಕಿಗೆ ಹಾಕುತ್ತಾರೆ. ಈಗ ಬರೀ ಮುಖ ಸಿಕ್ಕರೆ ಸಾಕು, ಎಐ ಹಿಡಿದು ಕೆಟ್ಟ ಚಿತ್ರ ಮಾಡುತ್ತಾರೆ. ನಿಜವಾದ ಮಗುವಿನದ್ದೇ ಎನ್ನುವ ಹಾಗೆ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರವೂ 2019ರ ತಿದ್ದುಪಡಿ ಆದಮೇಲೆ ಪೋಕ್ಸೊ ಅಡಿಯಲ್ಲಿ ಬರುತ್ತದೆ. ಆದರೆ ಕೇಸಾಗುವ ಹೊತ್ತಿಗೆ ಮಗು ನೊಂದಿರುತ್ತದೆ.

ಲಗ್ನವಾಗದ ಹುಡುಗ ಇಂಥ ಮಾತು ಆಡುತ್ತಾನಲ್ಲ ಎಂದು ಕೆಲವರು ಹುಬ್ಬು ಏರಿಸುತ್ತಾರೆ. ಏರಿಸಲಿ. ನೀನು ಹೆಣ್ಣುಮಕ್ಕಳ ಜೊತೆ ಮಾತಾಡುವಾಗ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಪಕ್ಕದಲ್ಲಿ ಇಟ್ಟುಕೋ. ಅಂಗಡಿಯಲ್ಲೂ ಮಗುವನ್ನು ಒಳಗಿನ ಕೋಣೆಗೆ ಕರೆಯಬೇಡ, ರಸ್ತೆಗೆ ಕಾಣುವ ಹಾಗೆ ಕೂತು ಮೆಲ್ಲಗೆ ಮಾತಾಡು.

ಮಕ್ಕಳ ಗ್ರಾಮಸಭೆಯ ತಾರೀಖು ಪಂಚಾಯಿತಿಯ ಅಧಿಕಾರಿ ಪಿಡಿಒ ಹತ್ತಿರ ಕೇಳಿ ತಿಳಿಸು. ಹಿಂದಿನ ದಿನವೇ ಬಸ್ಸು ಹತ್ತುತ್ತೇನೆ. ತಾಯಂದಿರ ಜೊತೆ ನಾನು ಮಾತಾಡುತ್ತೇನೆ, ಗಂಡಸರ ಜೊತೆ ನೀನು ಮಾತಾಡು. ಆ ಹುಡುಗನನ್ನು ಮಾತ್ರ ಸಭೆಯ ತನಕ ಕಾಯಿಸಬೇಡ. ಈ ಪತ್ರ ಕೈಗೆ ಬಂದ ದಿನವೇ ಅವನನ್ನು ಮಾತಾಡಿಸು.

ನಿನ್ನ
ದೊಡ್ಡವ್ವ