ಮಗಳಿಗೊಂದು ಪತ್ರ: ಬಸ್ಸಿನಲ್ಲಿ ಯಾರ ಸೀಟು?

ಪ್ರೀತಿಯ ಮಗಳೇ,

ಕಳೆದ ವಾರ ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಎಡಪಂಥೀಯರು ಕೂಲಿ, ಬೆಲೆ, ಭೂಮಿಯ ಮಾತನ್ನು ಬಿಟ್ಟು ಜಾತಿ, ಬಣ್ಣ, ಹೆಣ್ಣು-ಗಂಡು ಎಂಬ ಅಸ್ಮಿತೆಯ ಮಾತನ್ನು ಹಿಡಿದದ್ದರಿಂದಲೇ ಸೋತರೆಂದು ನಿನ್ನ ಗೆಳೆಯರು ಹೇಳುತ್ತಾರೆ, ಅದು ನಿಜವೇ ಎಂದು ಕೇಳಿದ್ದೆ. ನಿನ್ನ ವಯಸ್ಸಿನಲ್ಲಿ ನಾನೂ ಹಾಗೆಯೇ ವಾದಿಸುತ್ತಿದ್ದೆ. ವರ್ಗದ ಪ್ರಶ್ನೆಯೊಂದು ಬಗೆಹರಿದರೆ ಉಳಿದವೆಲ್ಲ ತಾವಾಗಿಯೇ ಬಗೆಹರಿಯುತ್ತವೆ ಎಂದು ಅಧ್ಯಯನ ಗೋಷ್ಠಿಗಳಲ್ಲಿ ಗಟ್ಟಿ ದನಿಯಲ್ಲಿ ಹೇಳುತ್ತಿದ್ದೆ. ಎದುರು ಕುಳಿತ ಹೆಣ್ಣುಮಕ್ಕಳ ಮೌನವನ್ನು ಒಪ್ಪಿಗೆಯೆಂದು ತಿಳಿದಿದ್ದೆ. ಆ ತಪ್ಪನ್ನು ನನಗೆ ಮನವರಿಕೆ ಮಾಡಿಸಿದ್ದು ಬಸ್ಸುಗಳ ಇತಿಹಾಸ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬಸ್ ಕಂಪನಿ 1960ರ ದಶಕದ ಆರಂಭದಲ್ಲಿ ಸರ್ಕಾರದ ಒಡೆತನದಲ್ಲಿತ್ತು, ಅದರ ನೌಕರರಿಗೆ ಬಲವಾದ ಕಾರ್ಮಿಕ ಸಂಘವೂ ಇತ್ತು. ಸಾರ್ವಜನಿಕ ಒಡೆತನ, ಸಂಘಟಿತ ಕಾರ್ಮಿಕರು: ನಾವು ಕೇಳುತ್ತಿದ್ದ ಎರಡೂ ಅಲ್ಲಿದ್ದವು. ಆದರೂ ಕಪ್ಪು ಜನರಿಗಾಗಲಿ ಏಷ್ಯಾದವರಿಗಾಗಲಿ ಅಲ್ಲಿ ಚಾಲಕರ, ಕಂಡಕ್ಟರುಗಳ ಕೆಲಸ ಸಿಗುತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ, ಕ್ಯಾಂಟೀನಿನಲ್ಲಿ ಅವರು ದುಡಿಯಬಹುದಿತ್ತು, ಪ್ರಯಾಣಿಕರ ಕಣ್ಣಿಗೆ ಬೀಳುವ ಕೆಲಸ ಮಾತ್ರ ಅವರದಾಗುವಂತಿರಲಿಲ್ಲ. ಇದಕ್ಕೆ ಆಡಳಿತ ಮಂಡಳಿಯಷ್ಟೇ ಕಾರಣವಾಗಿರಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುವ ಸಂಗತಿ. ಬಿಳಿಯರಲ್ಲದವರನ್ನು ಬಸ್ ಸಿಬ್ಬಂದಿಯಾಗಿ ತೆಗೆದುಕೊಳ್ಳಬಾರದೆಂದು 1955ರಲ್ಲಿ ನಿರ್ಣಯ ಮಾಡಿದ್ದು ಕಾರ್ಮಿಕ ಸಂಘದ ಸ್ಥಳೀಯ ಶಾಖೆಯೇ. ಹೊಸಬರು ಬಂದರೆ ತಮ್ಮ ಓವರ್‌ಟೈಮ್ ಗಳಿಕೆ ಕಡಿಮೆಯಾದೀತೆಂಬ ಭಯ ಅದರ ಹಿಂದೆ ಇತ್ತು. ಆ ಭಯಕ್ಕೆ ಚರ್ಮದ ಬಣ್ಣ ಸುಲಭದ ನೆಪವಾಗಿ ಸಿಕ್ಕಿತು. 1963ರ ಏಪ್ರಿಲಿನಲ್ಲಿ ಗೈ ಬೇಲಿ ಎಂಬ ತರುಣ ವೆಸ್ಟ್ ಇಂಡೀಸ್ ಮೂಲದವನೆಂದು ತಿಳಿದ ಕೂಡಲೇ ಅವನ ಸಂದರ್ಶನವನ್ನು ರದ್ದುಗೊಳಿಸಲಾಯಿತು. ಅಲ್ಲಿನ ಕಪ್ಪು ಸಮುದಾಯದ ಹೋರಾಟಗಾರರಾದ ಪಾಲ್ ಸ್ಟೀಫನ್‌ಸನ್, ರಾಯ್ ಹ್ಯಾಕೆಟ್ ಮತ್ತು ಸಂಗಾತಿಗಳು ಬಸ್ ಬಹಿಷ್ಕಾರಕ್ಕೆ ಕರೆಕೊಟ್ಟರು. ನಾಲ್ಕು ತಿಂಗಳ ನಂತರ, ಆಗಸ್ಟ್ 28ರಂದು, ಕಂಪನಿ ಆ ನಿಷೇಧವನ್ನು ಕೈಬಿಟ್ಟಿತು. ಅದೇ ದಿನ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ಲಕ್ಷಾಂತರ ಜನ ಸೇರಿದ್ದ ಮೆರವಣಿಗೆಯ ಹೆಸರು ‘ಉದ್ಯೋಗ ಮತ್ತು ಸ್ವಾತಂತ್ರ್ಯಕ್ಕಾಗಿ’ ಎಂದಿತ್ತು. ಸ್ವಾತಂತ್ರ್ಯದ ಜೊತೆಗೆ ಉದ್ಯೋಗವೂ ಆ ಹೆಸರಿನಲ್ಲಿ ಇದ್ದುದನ್ನು ನಿನ್ನ ಗೆಳೆಯರಿಗೆ ದಯವಿಟ್ಟು ಹೇಳು. ಮುಂದಿನ ತಿಂಗಳು ರಘಬೀರ್ ಸಿಂಗ್ ಎಂಬ ಸಿಖ್ಖರು ಬ್ರಿಸ್ಟಲ್ಲಿನ ಬಿಳಿಯೇತರ ಬಸ್ ಕಂಡಕ್ಟರುಗಳಲ್ಲಿ ಮೊದಲಿಗರಾದರು.

ಇದು ವರ್ಗದ ಪ್ರಶ್ನೆಯೋ, ಅಸ್ಮಿತೆಯ ಪ್ರಶ್ನೆಯೋ ಹೇಳು. ಕೇಳಿದ್ದು ಕೆಲಸವನ್ನು, ಕೂಲಿಯನ್ನು. ನಿರಾಕರಿಸಿದ್ದು ಬಣ್ಣದ ಕಾರಣಕ್ಕೆ. ಎರಡನ್ನೂ ಒಟ್ಟಿಗೆ ಹಿಡಿಯದೆ ಆ ಅನ್ಯಾಯವನ್ನು ವಿವರಿಸಲಿಕ್ಕೇ ಬರುವುದಿಲ್ಲ.

ಬಸ್ ಬಹಿಷ್ಕಾರವೆಂದ ಕೂಡಲೇ ನಿನಗೆ ನೆನಪಾಗುವುದು ಅಮೆರಿಕದ ಮಾಂಟ್‌ಗೊಮೆರಿ ನಗರ ಇರಬೇಕು. ಜನಪ್ರಿಯ ಸಂಸ್ಕೃತಿಯ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ. ಕೆಲಸ ಮುಗಿಸಿ ದಣಿದಿದ್ದ ಒಬ್ಬ ಕಪ್ಪು ಹೆಂಗಸು ಅಂದು ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟು ಏಳಲಿಲ್ಲ, ಅದರಿಂದ ದೇಶವೇ ಬದಲಾಯಿತು ಎಂಬಂತೆ ಮಕ್ಕಳಿಗೆ ಆ ಕಥೆಯನ್ನು ಮತ್ತೆ ಮತ್ತೆ ಹೇಳಲಾಗಿದೆ. ಆ ಹೆಂಗಸು, ರೋಸಾ ಪಾರ್ಕ್ಸ್, 1955ರ ಡಿಸೆಂಬರ್ 1ರಂದು ಬಂಧನಕ್ಕೊಳಗಾದಾಗ ಅವರಿಗೆ 42 ವರ್ಷ. ಅವರು ನಾಗರಿಕ ಹಕ್ಕುಗಳ ಸಂಘಟನೆಯ ಸ್ಥಳೀಯ ಶಾಖೆಯ ಕಾರ್ಯದರ್ಶಿಯಾಗಿದ್ದರು, ಅದೇ ಬೇಸಿಗೆಯಲ್ಲಿ ಸಂಘಟನಾ ತರಬೇತಿಯ ಶಿಬಿರವೊಂದಕ್ಕೂ ಹೋಗಿಬಂದಿದ್ದರು. ಅವರ ಬಂಧನದ ರಾತ್ರಿಯೇ ಜೋ ಆ್ಯನ್ ರಾಬಿನ್‌ಸನ್ ಎಂಬ ಅಧ್ಯಾಪಕಿ ಬಹಿಷ್ಕಾರಕ್ಕೆ ಕರೆಕೊಡುವ ಸಾವಿರಾರು ಕರಪತ್ರಗಳನ್ನು ಅಚ್ಚುಮಾಡಿಸಿದರು. ಆಮೇಲೆ 381 ದಿನಗಳ ಕಾಲ ಕಪ್ಪು ಜನ, ಅವರಲ್ಲೂ ಬಿಳಿಯರ ಮನೆಗೆಲಸಕ್ಕೆ ಹೋಗುವ ಬಡ ಹೆಂಗಸರು, ಬಸ್ಸು ಹತ್ತದೆ ನಡೆದರು. ಇಷ್ಟೂ ಜನರನ್ನು ಅಳಿಸಿ ಒಬ್ಬರ ದಣಿವನ್ನಷ್ಟೇ ಉಳಿಸಿಕೊಂಡರೆ ಕಥೆ ಹೃದಯಸ್ಪರ್ಶಿಯಾಗಬಹುದು, ಸಂಘಟನೆ ಹೇಗೆ ನಡೆಯುತ್ತದೆ ಎಂಬುದನ್ನು ಮಾತ್ರ ಅದನ್ನು ಕೇಳಿದ ಮಗು ಎಂದಿಗೂ ಕಲಿಯಲಾರದು.

ಸಿನಿಮಾ ಪರದೆಯ ಮೇಲೆ ಕಾರಿಗೆ ಸಿಗುವ ಸ್ಥಾನವೂ ಇದಕ್ಕೆ ಹತ್ತಿರದ ಸಂಗತಿ. ಗೆದ್ದವನು ಕಾರಿನಿಂದ ಇಳಿಯುತ್ತಾನೆ, ಇನ್ನೂ ಗೆಲ್ಲದವನು ಬಸ್ಸಿಗೆ ಕಾಯುತ್ತಾನೆ. ಫ್ರಾನ್ಸಿನ ಚಿಂತಕ ಆಂದ್ರೆ ಗೋರ್ಜ್ 1973ರಲ್ಲಿಯೇ ಇದರ ಬುಡಕ್ಕೆ ಕೈಹಾಕಿದ್ದರು: ಕಾರು ಕೆಲವರ ಬಳಿ ಮಾತ್ರ ಇರುವವರೆಗೆ ಉಪಯೋಗಕ್ಕೆ ಬರುವ ಐಷಾರಾಮ, ಎಲ್ಲರೂ ಕೊಂಡರೆ ಯಾರೂ ಮುಂದಕ್ಕೆ ಹೋಗಲಾರರು. ಕಾರು ಕೊಂಡವರ ಮೇಲೆ ನನಗೆ ಸಿಟ್ಟಿಲ್ಲ. ಬಸ್ಸು ಸರಿಯಾಗಿ ಬಾರದ ಕಡೆ ಅವರಾದರೂ ಏನು ಮಾಡಿಯಾರು?

2020ರಲ್ಲಿ ಲಕ್ಸೆಂಬರ್ಗ್ ದೇಶವು ಬಸ್ಸು, ಟ್ರಾಮು, ರೈಲುಗಳ ಟಿಕೆಟ್ಟನ್ನೇ ತೆಗೆದುಹಾಕಿದಾಗ ನಾನು ಬಹಳ ಸಂತೋಷಪಟ್ಟೆ. ರೈಲಿನ ಮೊದಲ ದರ್ಜೆಗೆ ಮಾತ್ರ ಟಿಕೆಟ್ಟು ಉಳಿಯಿತು. ಆದರೆ ದರವನ್ನು ತೆಗೆದರೆ ಸಾಲದು. ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿಗೆ ಬಸ್ಸು ಓಡಬೇಕೆಂದು ತೀರ್ಮಾನಿಸುವವರು ಬೆಳಿಗ್ಗೆ ಕಚೇರಿಗೆ ಹೋಗಿ ಸಂಜೆ ಮನೆಗೆ ಮರಳುವವನೊಬ್ಬನನ್ನೇ ಪ್ರಯಾಣಿಕನೆಂದು ಎಣಿಸಿದರೆ, ಮಗುವನ್ನು ಶಾಲೆಗೆ ಬಿಟ್ಟು, ಕೆಲಸಕ್ಕೆ ಹೋಗಿ, ಔಷಧಿ ಕೊಂಡು, ವಯಸ್ಸಾದವರನ್ನು ನೋಡಿಕೊಂಡು ಬರುವ ಹೆಂಗಸಿನ ಮುರಿದು ಮುರಿದು ಸಾಗುವ ಪ್ರಯಾಣ ಲೆಕ್ಕಕ್ಕೇ ಬರುವುದಿಲ್ಲ. ಗಾಲಿಕುರ್ಚಿಯಲ್ಲಿರುವವರಿಗೆ ಬಸ್ಸಿನ ಎತ್ತರದ ಮೆಟ್ಟಿಲೇ ಬಾಗಿಲು ಮುಚ್ಚಿದಂತೆ. ಅಸ್ಮಿತೆಯ ಮಾತು ಬೇಡವೆನ್ನುವವರು ಇವರ ಬಸ್ಸನ್ನು ಯಾವ ಹೆಸರಿನಲ್ಲಿ ಕೇಳುತ್ತಾರೆ?

ಕೊನೆಗೆ ಒಬ್ಬರ ಹೆಸರನ್ನು ಹೇಳಬೇಕು. ಪಾರ್ಕ್ಸ್ ಅವರಿಗಿಂತ ಒಂಬತ್ತು ತಿಂಗಳು ಮೊದಲೇ, 1955ರ ಮಾರ್ಚ್ 2ರಂದು, ಅದೇ ಊರಿನ ಬಸ್ಸಿನಲ್ಲಿ ಸೀಟು ಬಿಡಲೊಪ್ಪದೆ ಬಂಧನಕ್ಕೊಳಗಾದವಳು ಕ್ಲಾಡೆಟ್ ಕಾಲ್ವಿನ್, 15 ವರ್ಷದ ಶಾಲಾ ಹುಡುಗಿ. ಅವಳು ತೀರ ಚಿಕ್ಕವಳು, ಬಡ ಮನೆಯವಳು. ಆಮೇಲೆ ಮದುವೆಯಾಗದೆ ಗರ್ಭಿಣಿಯೂ ಆದಳು. ಚಳವಳಿಯ ಮುಖವಾಗಿ ಅವಳನ್ನು ನಿಲ್ಲಿಸಲು ಹಿರಿಯರು ಹಿಂಜರಿದರು. ಆದರೆ ಬಸ್ಸಿನಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು 1956ರಲ್ಲಿ ತೀರ್ಪು ತಂದುಕೊಟ್ಟ ಮೊಕದ್ದಮೆಯ ನಾಲ್ವರು ಹೆಂಗಸರಲ್ಲಿ ಅವಳೂ ಒಬ್ಬಳು. ಆ ಬಂಧನದ ದಾಖಲೆಯನ್ನು ಬಾಲಾಪರಾಧಿ ನ್ಯಾಯಾಲಯ ಅಳಿಸಿಹಾಕಿದ್ದು 2021ರಲ್ಲಿ, ಅವರಿಗೆ 82 ವರ್ಷವಾಗಿದ್ದಾಗ. ನಿನ್ನ ಗೆಳೆಯರೊಡನೆ ಮತ್ತೆ ಈ ಚರ್ಚೆ ಬಂದರೆ ಕಾಲ್ವಿನ್ ಅವರಿಂದಲೇ ಮಾತು ಶುರುಮಾಡು. ಗೆಳೆಯರು ಏನೆಂದರೆಂದು ನನಗೆ ಬರೆ.

ನಿನ್ನ
ಅಪ್ಪ