ಹೊಲಿಗೆ ಹಾಲ್‌ಗೆ ಹೊಸಬರು ಬರುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಗಾರ್ಮೆಂಟ್ಸಿನ ತರಬೇತಿ ವಿಭಾಗ ನಿನ್ನ ಕೈಗೆ ಬಂದಿದ್ದು ಕೇಳಿ ಖುಷಿಯಾಯಿತು. ಸೋಮವಾರ ಇಪ್ಪತ್ತು ಜನ ಹೊಸ ಹೆಣ್ಣುಮಕ್ಕಳು ಸೇರುತ್ತಾರೆ, ಅರ್ಧ ಜನ ಮೆಷಿನ್ ಮುಟ್ಟಿದವರೇ ಅಲ್ಲ, ಎಷ್ಟು ದಿನಕ್ಕೆ ಲೈನಿಗೆ, ಅಂದರೆ ಸಾಲಾಗಿ ಕೂತು ಉಡುಪು ಹೊಲಿಯುವ ನಿಜವಾದ ಕೆಲಸಕ್ಕೆ, ಬಿಡಲಿ ಎಂದು ಕೇಳಿದ್ದೀಯ. ದಿನದ ಲೆಕ್ಕ ಹಿಡಿಯಬೇಡ, ಕೈಯ ಲೆಕ್ಕ ಹಿಡಿ. ಲೈನಿನಲ್ಲಿ ಇಬ್ಬರು ರಜೆ ಹಾಕಿದ ದಿನ ಸೂಪರ್‌ವೈಸರ್ ಬಂದು 'ಒಬ್ಬಳನ್ನು ಕೊಡಿ ಸಾರ್' ಅನ್ನುತ್ತಾರೆ. ಆರನೇ ದಿನಕ್ಕೆ ಕೊಟ್ಟೆಯೋ, ಆಕೆ ಟಾರ್ಗೆಟ್ ಮುಟ್ಟುವುದಿಲ್ಲ, ಬಂಡಲ್‌ಗಟ್ಟಲೆ ಆಲ್ಟ್ರೇಷನ್ (ಬಿಚ್ಚಿ ಮತ್ತೆ ಹೊಲಿಯಬೇಕಾದ ಪೀಸ್) ವಾಪಸ್ ಬರುತ್ತದೆ, ಎಲ್ಲರೆದುರು ಬೈಸಿಕೊಳ್ಳುತ್ತಾಳೆ. ಮೊದಲ ಸಂಬಳ ಎಣಿಸಿಕೊಂಡು ಊರಿಗೆ ಹೋದವಳು ಮತ್ತೆ ಬರುವುದಿಲ್ಲ. ಸೂಪರ್‌ವೈಸರ್ ಕೇಳಿದಾಗ 'ಇಲ್ಲ' ಎನ್ನುವ ಮಾತು ನಿನ್ನ ಬಾಯಿಂದ ಬರದಿದ್ದರೆ ಉಳಿದ ಕಲಿಕೆಯೆಲ್ಲ ವ್ಯರ್ಥ.

ಮೊದಲ ಅರ್ಧ ದಿನ ಮೆಷಿನ್ ಓಡಿಸಬೇಡ. ಕೂರುವುದನ್ನು ಕಲಿಸು. ಮೂಗಿನ ನೇರಕ್ಕೆ ಸೂಜಿ, ಮೊಣಕೈ ಟೇಬಲ್ ಮಟ್ಟಕ್ಕೆ, ಪಾದ ಪೂರ್ತಿ ಪೆಡಲ್ ಮೇಲೆ. ಎತ್ತರ ಸರಿಯಿಲ್ಲದ ಸ್ಟೂಲಿನಲ್ಲಿ ಕೂತವಳಿಗೆ ಮಧ್ಯಾಹ್ನದ ಹೊತ್ತಿಗೆ ಬೆನ್ನು ಹಿಡಿದು, ಹೊಲಿಗೆ ಓರೆಯಾಗುತ್ತದೆ. ಜಡೆ ಕಟ್ಟಿರಬೇಕು, ದುಪಟ್ಟಾ ಸಿಕ್ಕಿಸಿರಬೇಕು. ಒಂದು ಅಪಾಯವನ್ನು ಮಾತ್ರ ಬಿಡಿಸಿ ಹೇಳು. ಹಳೆಯ ಕ್ಲಚ್ ಮೋಟರ್ ಸ್ವಿಚ್ ಹಾಕಿದಷ್ಟು ಹೊತ್ತೂ ಗುಂಯ್‌ಗುಟ್ಟುತ್ತಿತ್ತು, ಚಾಲೂ ಇದೆ ಎಂದು ಕಿವಿಗೇ ಗೊತ್ತಾಗುತ್ತಿತ್ತು. ಈಗಿನ ಸರ್ವೋ ಮೋಟರ್ ಪೆಡಲ್ ಒತ್ತುವವರೆಗೆ ಸದ್ದೇ ಮಾಡುವುದಿಲ್ಲ. ಆಫ್ ಆಗಿದೆ ಅಂದುಕೊಂಡು ಸೂಜಿಗೆ ದಾರ ಪೋಣಿಸುವಾಗ ಕಾಲು ತಗುಲಿದರೆ ಸೂಜಿ ಬೆರಳಿಗೆ ಇಳಿಯುತ್ತದೆ. ದಾರ ಪೋಣಿಸಲು, ಸೂಜಿ ಬದಲಿಸಲು, ಬಾಬಿನ್ (ಕೆಳಗಿನ ದಾರದ ಸಣ್ಣ ಉರುಳೆ) ತೆಗೆಯಲು ಮೊದಲು ಸ್ವಿಚ್ ಆಫ್. ಇದು ಅಭ್ಯಾಸವಾಗುವವರೆಗೆ ದಿನಕ್ಕೆ ಹತ್ತು ಸಲ ಹೇಳಿದರೂ ಬೇಸರಪಡಬೇಡ.

ಆಮೇಲೆ ಕಾಗದ. ದಾರವಿಲ್ಲದೆ, ಹಳೆಯ ಸೂಜಿ ಹಾಕಿ, ಅರ್ಧ ಇಂಚಿಗೊಂದರಂತೆ ಗೆರೆ ಎಳೆದ ಹಾಳೆಯ ಮೇಲೆ ಓಡಿಸಲಿ. ಮೊದಲು ನೇರ ಗೆರೆ, ಆಮೇಲೆ ಗುರುತಿನ ಮೇಲೆ ಸರಿಯಾಗಿ ನಿಲ್ಲಿಸುವುದು, ನಂತರ ಸೂಜಿ ಕೆಳಗಿಟ್ಟು ಮೂಲೆ ತಿರುಗಿಸುವುದು, ಕೊನೆಗೆ ಬಾಗಿದ ಗೆರೆ. ಕಾಗದದ ತೂತು ಸುಳ್ಳು ಹೇಳುವುದಿಲ್ಲ: ಎಲ್ಲಿ ಕಾಲು ನಡುಗಿತು, ಎಲ್ಲಿ ಕಣ್ಣು ಗೆರೆ ಬಿಟ್ಟು ಸೂಜಿಯ ಕಡೆ ಹೋಯಿತು ಎಲ್ಲ ಕಾಣುತ್ತದೆ. ಸಿಂಗಲ್ ನೀಡಲ್ ಮೆಷಿನ್ ನಿಮಿಷಕ್ಕೆ 4000ಕ್ಕೂ ಹೆಚ್ಚು ಹೊಲಿಗೆ ಹಾಕಬಲ್ಲದು. ಮೆಕ್ಯಾನಿಕ್‌ಗೆ ಹೇಳಿ ಸರ್ವೋ ಪ್ಯಾನೆಲ್‌ನಲ್ಲಿ 1500ಕ್ಕೆ ಇಳಿಸಿಬಿಡು. ಹತ್ತು ಗೆರೆಯಲ್ಲಿ ಒಂಬತ್ತು ಸರಿ ಬರುವವರೆಗೆ ಬಟ್ಟೆ ಕೊಡಬೇಡ. ಕೆಲವರಿಗೆ ಒಂದು ದಿನ ಸಾಕು, ಕೆಲವರಿಗೆ ಮೂರು ಬೇಕು. ನಿಧಾನವಾಗಿ ಕಲಿತವರ ಹೊಲಿಗೆಯೇ ಎಷ್ಟೋ ಸಲ ಕೊನೆಗೆ ಅಚ್ಚುಕಟ್ಟಾಗುತ್ತದೆ.

ದಾರ ಹಾಕಿದ ಕೂಡಲೇ ತೊಂದರೆಗಳು ಶುರು. ಪ್ರತಿ ಸಲ ಮೆಕ್ಯಾನಿಕ್‌ನನ್ನು ಕೂಗುವ ರೂಢಿ ಮಾಡಿಸಬೇಡ. ಕೆಳಬದಿಯಲ್ಲಿ ದಾರ ಕುಣಿಕೆಯಾಗಿ ಜೋತರೆ ತಪ್ಪು ಮೇಲಿನ ದಾರದ್ದು. ಬಹಳ ಸಲ ಪ್ರೆಸರ್ ಫೂಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಕೆಳಗಿದ್ದಾಗಲೇ ದಾರ ಹಾಕಿರುತ್ತಾರೆ, ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಅದು ಕೂತೇ ಇರುವುದಿಲ್ಲ. ಮೇಲ್ಬದಿಯಲ್ಲಿ ಕುಣಿಕೆ ಕಂಡರೆ ಬಾಬಿನ್ ಕೂರುವ ಕೇಸ್ ಸಡಿಲ, ಇಲ್ಲವೆ ಮೇಲಿನ ಟೆನ್ಷನ್ ಬಿಗಿ. ಬಾಬಿನ್ ಕೇಸನ್ನು ದಾರದಲ್ಲಿ ಹಿಡಿದು ಸಣ್ಣಗೆ ಒದರಿದರೆ ಅದು ಒಂದಿಷ್ಟು ಜಾರಿ ನಿಲ್ಲಬೇಕು. ಸರ್ರನೆ ಕೆಳಗಿಳಿದರೆ ಸಡಿಲ, ಅಲುಗದಿದ್ದರೆ ಬಿಗಿ. ಹೊಲಿಗೆ ತಪ್ಪಿ ತಪ್ಪಿ ಬಿದ್ದರೆ ಸೂಜಿ ಬಾಗಿದೆ ಅಥವಾ ಓರೆಯಾಗಿ ಕೂತಿದೆ. ಸೂಜಿಯ ಮೈಮೇಲಿನ ಉದ್ದ ತೋಡು ಎಡಕ್ಕಿರಬೇಕು, ಸೂಜಿ ಪೂರ್ತಿ ಮೇಲಕ್ಕೆ ಹೋಗಿರಬೇಕು, ದಾರ ಎಡದಿಂದ ಬಲಕ್ಕೆ. ಈ ತೊಂದರೆಗಳನ್ನು ನೀನೇ ಬೇಕಂತ ಮಾಡಿಟ್ಟು, ಅವರ ಕೈಯಲ್ಲೇ ಕಂಡುಹಿಡಿಸು.

ಅಳತೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ. '3/8 ಇಂಚು ಬಿಟ್ಟು ಹೊಲಿ' ಅಂದರೆ ತಲೆಯಾಡಿಸುತ್ತಾರೆ, ಟೇಪಿನಲ್ಲಿ ತೋರಿಸು ಅಂದರೆ ಬೆರಳು ನಿಲ್ಲುವುದಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆ. ಇಂಚನ್ನು ಎಂಟು ಮನೆ ಮಾಡಿ ಕಾಗದದ ಪಟ್ಟಿ ಮಡಿಸಿ ತೋರಿಸು: ಎರಡು ಮನೆಗೆ ಕಾಲು ಇಂಚು, ಮೂರು ಮನೆಗೆ 3/8. ಮೆಷಿನ್ ಹಾಸಿನ ಮೇಲೆ ಬಣ್ಣದ ಟೇಪ್ ಅಂಟಿಸು, ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡು ಹೋಗಲಿ.

ಹೇಳಿಕೊಡುವಾಗ ಎದುರು ನಿಲ್ಲಬೇಡ, ನಿನ್ನ ಬಲ ಅವರಿಗೆ ಎಡವಾಗುತ್ತದೆ. ಪಕ್ಕದಲ್ಲಿ ಕೂತು ಮಾಡು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗಾಗಿ ರೂಪಿಸಿದ ನಾಲ್ಕು ಹೆಜ್ಜೆಯ ಕ್ರಮವೊಂದಿದೆ: ಕಲಿಯುವವರ ಮನಸ್ಸು ಸಿದ್ಧಮಾಡು, ಮಾಡಿ ತೋರಿಸು, ಮಾಡಿಸಿ ನೋಡು, ಆಮೇಲೂ ಕಣ್ಣಿಟ್ಟಿರು. ಮೂರನೆಯದರಲ್ಲೇ ಗುಟ್ಟು. ಆಕೆ ಒಂದು ಸಲ ಸುಮ್ಮನೆ ಮಾಡಲಿ, ಇನ್ನೊಂದು ಸಲ ಯಾಕೆ ಹಾಗೆ ಮಾಡುತ್ತೇನೆಂದು ಬಾಯಿಬಿಟ್ಟು ಹೇಳುತ್ತ ಮಾಡಲಿ. 'ಗೊತ್ತಾಯ್ತಾ?' ಎಂದು ಕೇಳಬೇಡ, ಎಲ್ಲರೂ 'ಹೂಂ' ಅನ್ನುತ್ತಾರೆ. ಒಡಿಶಾ, ಜಾರ್ಖಂಡ್ ಕಡೆಯ ಹುಡುಗಿಯರಿದ್ದರೆ, ಒಂದು ಸರಿ ಪೀಸ್, ಒಂದು ತಪ್ಪು ಪೀಸ್ ಪಕ್ಕಪಕ್ಕ ತೂಗುಹಾಕು. ಅವರ ಭಾಷೆಯ ಹಳೆಯ ಟೈಲರ್ ಒಬ್ಬಳನ್ನು ಮೊದಲ ವಾರ ಜೊತೆಗಿಡಲು ಮ್ಯಾನೇಜರ್ ಹತ್ತಿರ ಪಟ್ಟುಹಿಡಿದು ಕೇಳು.

ಸೂಜಿ ಮುರಿದರೆ ಬೈಯಬೇಡ. ಬೈದರೆ ತುಂಡು ಬಚ್ಚಿಡುತ್ತಾರೆ, ಅದು ಮಗುವಿನ ಅಂಗಿಯಲ್ಲಿ ಉಳಿದುಬಿಡಬಹುದು. ಎಲ್ಲ ತುಂಡೂ ಸಿಕ್ಕಿದರೆ ರಿಜಿಸ್ಟರಿನಲ್ಲಿ ಅಂಟಿಸಿ ಹೊಸ ಸೂಜಿ ಕೊಡು. ಒಂದು ಚೂರು ಸಿಗದಿದ್ದರೂ ಸುತ್ತಲಿನ ಪೀಸ್ ಎಲ್ಲ ಬೇರೆ ಇಟ್ಟು ಮೆಟಲ್ ಡಿಟೆಕ್ಟರಿಗೆ ಕಳಿಸು.

ಈಗ ವೇಗ. ಒಂದು ಆಪರೇಷನ್ನಿಗೆ (ಒಂದು ಪೀಸಿನ ಒಂದು ಹೊಲಿಗೆ ಕೆಲಸಕ್ಕೆ) 0.6 ನಿಮಿಷ ಎಂದು ಇಟ್ಟಿದ್ದರೆ ಪೂರ್ತಿ ದಕ್ಷತೆಯಲ್ಲಿ ಗಂಟೆಗೆ 100 ಪೀಸ್. ಹೊಸಬಳು 30 ಮಾಡಿದರೆ ಅದು ಸೋಮಾರಿತನವಲ್ಲ. ಪೆಡಲ್ ಜೋರಾಗಿ ಒತ್ತಿದರೆ ವೇಗ ಬರುತ್ತದೆಂಬುದು ದೊಡ್ಡ ತಪ್ಪು ತಿಳಿವಳಿಕೆ. ಪಕ್ಕದಲ್ಲಿ ನಿಂತು ಗಡಿಯಾರ ಹಿಡಿದು ನೋಡು, ಸೂಜಿ ಓಡುವ ಹೊತ್ತು ಕಡಿಮೆ. ಹೆಚ್ಚು ಹೊತ್ತು ಹೋಗುವುದು ತುಂಡು ಎತ್ತುವುದರಲ್ಲಿ, ಅಂಚಿಗೆ ಅಂಚು ಹೊಂದಿಸುವುದರಲ್ಲಿ, ಹೊಲಿದದ್ದನ್ನು ಆಚೆ ಇಡುವುದರಲ್ಲಿ. ಬಂಡಲ್ ಕೈಗೆಟುಕುವಷ್ಟು ಹತ್ತಿರವಿರಲಿ, ಎಡಗೈ ಎತ್ತುವಾಗಲೇ ಬಲಗೈ ಹಿಡಿಯಲು ಸಿದ್ಧವಿರಲಿ. ಸತತ ಐದು ಪೀಸಿನ ಸಮಯ ಬರೆದುಕೋ. 70, 95, 60, 110, 75 ಸೆಕೆಂಡ್ ಎಂದು ಎಗರಾಡುತ್ತಿದ್ದರೆ ಅವಸರ ಮಾಡಿಸಬೇಡ, ಕೈಗಿನ್ನೂ ದಾರಿ ಸಿಕ್ಕಿಲ್ಲ. ಐದೂ ಒಂದೇ ಆಸುಪಾಸಿಗೆ ಬಂದ ಮೇಲೆ ಮೆಷಿನಿನ ಸ್ಪೀಡ್ ಏರಿಸು.

ಲೈನಿಗೆ ಬಿಡುವಾಗ ಪಾಕೆಟ್ ಬಾಯಿ ಮಡಿಸುವುದೋ ತೋಳಿನ ಕಫ್‌ನ ಅಂಚು ಮಡಿಸಿ ಹೊಲಿಯುವುದೋ ಕೊಡಿಸು. ಕಾಲರ್, ತೋಳು ಜೋಡಿಸುವ ಜಾಗ ಬೇಡವೇ ಬೇಡ. ಮೊದಲ ದಿನ ಗಂಟೆಗೊಮ್ಮೆ ಹೋಗಿ 7 ಪೀಸ್ ತಿರುಗಿಸಿ ನೋಡು. ವಾರವಾರಕ್ಕೆ ಏರುವ ಟಾರ್ಗೆಟ್ ಮೆಟ್ಟಿಲನ್ನು, ಗಂಟೆಗೆ 30, 40, 50 ಪೀಸ್ ಎಂದು, ಸೂಪರ್‌ವೈಸರ್ ಸಹಿ ಹಾಕಿಸಿ ಮೆಷಿನ್ನಿಗೇ ಅಂಟಿಸು. ಕಾಗದ ಅಂಟಿದ್ದರೆ ಬೈಯುವ ಬಾಯಿ ಸ್ವಲ್ಪ ತಡೆಯುತ್ತದೆ.

ಸಂಬಳದ ಚೀಟಿಯನ್ನು ಮೊದಲ ವಾರವೇ ಓದಿಸು. ಪಿಎಫ್ (ಭವಿಷ್ಯ ನಿಧಿ) ಶೇ. 12, ಇಎಸ್ಐ (ಕಾರ್ಮಿಕರ ವಿಮೆ) ಶೇ. 0.75 ಹೋಗುತ್ತದೆ, ಪಿಎಫ್ ಅವರದೇ ದುಡ್ಡು, ಇಎಸ್ಐ ಕಾರ್ಡಿನಿಂದ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ ಎಂದು ಮೊದಲೇ ತಿಳಿದಿದ್ದರೆ 'ಹೇಳಿದ್ದೊಂದು ಕೊಟ್ಟಿದ್ದೊಂದು' ಎಂದು ಬಿಟ್ಟುಹೋಗುವವರು ಕಡಿಮೆ. ಯಾರಾದರೂ ಕೈ ಬಾಯಿ ಮೀರಿ ನಡೆದುಕೊಂಡರೆ ದೂರು ಕೊಡಬೇಕಾದ ಸಮಿತಿಯ ಹೆಂಗಸರನ್ನು ಹೆಸರು ಹೇಳಿ ಕರೆಸಿ ಮುಖ ತೋರಿಸು. ಗೋಡೆಯ ಮೇಲಿನ ಪಟ್ಟಿ ಓದಿ ಯಾರೂ ಅವರ ಹತ್ತಿರ ಹೋಗುವುದಿಲ್ಲ.

ಭಾನುವಾರದೊಳಗೆ ಗೆರೆ ಹಾಕಿದ 400 ಹಾಳೆ, ಹಳೆಯ ಸೂಜಿಗಳ ಡಬ್ಬ, ಬಣ್ಣದ ಟೇಪ್ ಸಿದ್ಧಮಾಡಿಕೋ, ಎಲ್ಲ ಮೆಷಿನಿಗೂ ಸೂಜಿಯಿಂದ ಬೆರಳು ಕಾಯುವ ಫಿಂಗರ್ ಗಾರ್ಡ್ ಇದೆಯೇ ನೋಡು. ವಾರದ ಕೊನೆಗೆ ಆ ಹಾಳೆಗಳ ಫೋಟೋ ಕಳಿಸು, ಯಾರ ಕಾಲು ಎಲ್ಲಿ ತಡವರಿಸುತ್ತಿದೆ ಎಂದು ಇಬ್ಬರೂ ಕೂತು ನೋಡೋಣ.

ನಿನ್ನ ಗೆಳೆಯ